ಹೊಸ ಡಿವಿಡಿ ರೈಟರ್ ಹಳೆಯ ತಂತ್ರಾಂಶಕ್ಕೆ ಕಾಣದಿರುವುದೇಕೆ?

ಗಂಗಾವತಿಯ ಒಂದು ಫೋಟೊ ಸ್ಟುಡಿಯೊದಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರ್ ಒಂದು ಇಂದಿಗೂ ದಿನವಿಡೀ ದುಡಿಯುತ್ತದೆ. ಮದುವೆ, ಗೃಹಪ್ರವೇಶ, ಜಾತ್ರೆಗಳ ವಿಡಿಯೊ ಮಿಕ್ಸಿಂಗ್ ನಡೆಯುವುದು ಅದರಲ್ಲೇ. ಮಿಕ್ಸಿಂಗ್ ತಂತ್ರಾಂಶದ ಪರವಾನಗಿ ಕಂಪ್ಯೂಟರಿಗೆ ಸಿಕ್ಕಿಸುವ, ಬೀಗದ ಕೈಯಂಥ ಒಂದು ಡಾಂಗಲ್‌ನಲ್ಲಿದೆ, ಆ ಡಾಂಗಲ್‌ನ ಡ್ರೈವರ್ (ಯಂತ್ರವನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ಹೊಸ ವಿಂಡೋಸ್‌ಗಳಲ್ಲಿ ನಡೆಯುವುದಿಲ್ಲ. ಹಾಗಾಗಿ ಮಾಲೀಕರು ಆ ಯಂತ್ರವನ್ನು ಬಿಡುವಂತಿಲ್ಲ. ಕಳೆದ ಬೇಸಿಗೆಯಲ್ಲಿ ಅದರ ಹಳೆಯ ಡಿವಿಡಿ ರೈಟರ್ ಕೈಕೊಟ್ಟಿತು. ಅವರು ಹೊಸದೊಂದನ್ನು ತಂದು, ಕೇಬಲ್ ಸಿಕ್ಕಿಸಿ, ಮನೆಯಲ್ಲಿದ್ದ ಒಂದು ಡಿಸ್ಕ್ ಹಾಕಿ ನೋಡಿದರು. ಚಿತ್ರ ಸರಾಗವಾಗಿ ಓಡಿತು. ಆದರೆ ಡಿಸ್ಕ್ ರೈಟ್ ಮಾಡುವ ತಂತ್ರಾಂಶವನ್ನು ತೆರೆದಾಗ ರೈಟರ್‌ಗಳ ಪಟ್ಟಿಯಲ್ಲಿ ‘ಇಮೇಜ್ ರೆಕಾರ್ಡರ್’ ಎಂಬ ಒಂದೇ ಹೆಸರಿತ್ತು. “ಸರ, ಕಂಪ್ಯೂಟರ್‌ಗೆ ಕಾಣ್ತೈತಿ, ಸಾಫ್ಟ್‌ವೇರ್‌ಗೆ ಕಾಣವಲ್ದು” ಎಂದು ಅವರು ಫೋನಿನಲ್ಲಿ ಹೇಳಿದರು.

ಈ ಮಾತಿನಲ್ಲೇ ಸಮಸ್ಯೆಯ ಅರ್ಧ ಉತ್ತರವಿದೆ. ಡಿವಿಡಿ ರೈಟರ್ ‘ಕಾಣುವುದು’ ಎಂಬುದು ಒಂದೇ ಹಂತದ ಸಂಗತಿಯಲ್ಲ. ಮದರ್‌ಬೋರ್ಡಿಗೆ ಕಾಣಬೇಕು, ವಿಂಡೋಸ್‌ಗೆ ಕಾಣಬೇಕು, ತಂತ್ರಾಂಶ ಕಳಿಸುವ ಆಜ್ಞೆ ಡ್ರೈವಿನವರೆಗೆ ತಲುಪಬೇಕು, ಡ್ರೈವ್ ಕೊಡುವ ಉತ್ತರ ತಂತ್ರಾಂಶಕ್ಕೆ ಅರ್ಥವಾಗಬೇಕು, ಕೊನೆಗೆ ಒಳಗಿಟ್ಟ ಖಾಲಿ ಡಿಸ್ಕನ್ನು ಡ್ರೈವ್ ಗುರುತಿಸಬೇಕು. ಇವುಗಳಲ್ಲಿ ಯಾವುದೇ ಒಂದು ಕಡೆ ತೊಡಕಾದರೂ ಪರದೆಯ ಮೇಲೆ ಕಾಣುವ ಫಲ ಹೆಚ್ಚುಕಡಿಮೆ ಒಂದೇ. ನಮ್ಮ ಕಡೆಯ ಸರ್ವಿಸ್ ಅಂಗಡಿಗಳಲ್ಲಿ ಇದಕ್ಕೆ ಮೊದಲು ಸಿಗುವ ಸಲಹೆ ‘ವಿಂಡೋಸ್ ಹೊಸದಾಗಿ ಹಾಕಿಸಿ’ ಎಂಬುದು. ತೊಡಕು ಯಾವ ಹಂತದಲ್ಲಿದೆ ಎಂದು ನೋಡದೆ ಕೊಡುವ ಆ ಸಲಹೆಯಿಂದ ಒಂದು ದಿನ ಹಾಳಾಗುವುದೇ ಹೆಚ್ಚು.

ಈಗ ಡಿವಿಡಿ ಯಾರಿಗೆ ಬೇಕು ಎಂದು ಕೇಳುವವರೂ ಇದ್ದಾರೆ. ಸ್ಕ್ಯಾನಿಂಗ್ ಕೇಂದ್ರಗಳು ಸಿಟಿ, ಎಂಆರ್‌ಐ ಚಿತ್ರಗಳನ್ನು ಡಿಸ್ಕಿನಲ್ಲಿ ಕೊಡುವುದುಂಟು. ವಕೀಲರು ಸಿಸಿಟಿವಿ ದೃಶ್ಯಗಳನ್ನು ಡಿಸ್ಕಿಗೆ ಹಾಕಿ ಪ್ರಮಾಣಪತ್ರದೊಂದಿಗೆ ನ್ಯಾಯಾಲಯಕ್ಕೆ ಸಲ್ಲಿಸುವುದುಂಟು. ಹಳ್ಳಿಗಳಲ್ಲಿ ಟಿವಿಯ ಪಕ್ಕದ ಡಿವಿಡಿ ಪ್ಲೇಯರ್ ಇನ್ನೂ ಪೂರ್ತಿ ಮರೆಯಾಗಿಲ್ಲ. ಬೇಡಿಕೆ ಕುಗ್ಗಿದೆ, ನಿಂತಿಲ್ಲ.

ಓದುವ ದಾರಿ ಬೇರೆ, ಬರೆಯುವ ದಾರಿ ಬೇರೆ

ಡಿಸ್ಕಿನಿಂದ ಓದುವಾಗ ಎಲ್ಲ ಹೊಣೆಯನ್ನೂ ವಿಂಡೋಸ್ ಹೊರುತ್ತದೆ. ಅದರ ಸ್ವಂತ ಡ್ರೈವರ್ ಡ್ರೈವಿನಿಂದ ಮಾಹಿತಿಯನ್ನು ತಂದು ಒಂದು ಫೋಲ್ಡರಿನಂತೆ ತೋರಿಸುತ್ತದೆ. ಯಾವ ತಂತ್ರಾಂಶವಾದರೂ ಆ ಫೋಲ್ಡರನ್ನು ತೆರೆದರೆ ಸಾಕು, ಕೆಳಗಿರುವ ಯಂತ್ರ ಯಾವ ಕಂಪನಿಯದು ಎಂದು ತಿಳಿಯುವ ಅಗತ್ಯವೇ ಇಲ್ಲ. ಬರೆಯುವುದು ಹಾಗಲ್ಲ. ಲೇಸರ್ ಎಷ್ಟು ಬಲದಲ್ಲಿ ಉರಿಯಬೇಕೆಂದು ಅಳೆ, ವೇಗ ಇಷ್ಟಿರಲಿ, ಇಷ್ಟು ಜಾಗವನ್ನು ಕಾಯ್ದಿರಿಸು, ಇಲ್ಲಿಂದ ಬರೆ, ಕೊನೆಯಲ್ಲಿ ಸೆಷನ್ ಮುಚ್ಚು ಎಂಬ ಆಜ್ಞೆಗಳನ್ನು ಹಳೆಯ ರೈಟಿಂಗ್ ತಂತ್ರಾಂಶಗಳು ವಿಂಡೋಸ್‌ನ ಫೈಲ್ ವ್ಯವಸ್ಥೆಯನ್ನು ಬದಿಗಿಟ್ಟು ನೇರವಾಗಿ ಡ್ರೈವಿಗೇ ಕಳಿಸುತ್ತಿದ್ದವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಿಟ್ಟಾಗ ಅದು ಯಾರನ್ನೂ ಕೇಳದೆ ಗದ್ದೆಗೆ ಹರಿಯುತ್ತದೆ, ಆದರೆ ತೂಬು ಎತ್ತಿಸಬೇಕಾದರೆ ನೀರುಗಂಟಿಯ ಬಳಿ ಹೋಗಿ ಮಾತಾಡಲೇಬೇಕು. ಓದುವುದಕ್ಕೂ ಬರೆಯುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಹೊಸ ರೈಟರಿನಲ್ಲಿ ಹಳೆಯ ಡಿಸ್ಕ್ ಓಡಿತು ಎಂಬುದರಿಂದ ಕೇಬಲ್ ಮತ್ತು ವಿಂಡೋಸ್ ಸರಿಯಾಗಿವೆ ಎಂದು ಮಾತ್ರ ತಿಳಿಯುತ್ತದೆ. ಬರೆಯುವ ದಾರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಇನ್ನು ಆ ಮಾತಿನ ಭಾಷೆ. 1990ರ ದಶಕದ ಆರಂಭದ ಸಿಡಿ ರೈಟರ್‌ಗಳು ಒಂದೊಂದೂ ಒಂದೊಂದು ರೀತಿಯ ಆಜ್ಞೆಗಳನ್ನು ಕೇಳುತ್ತಿದ್ದವು. ಹಾಗಾಗಿ ತಂತ್ರಾಂಶ ತಯಾರಿಸುವವರು ಮಾರುಕಟ್ಟೆಯಲ್ಲಿದ್ದ ಪ್ರತಿಯೊಂದು ಮಾದರಿಯನ್ನೂ ಪರೀಕ್ಷಿಸಿ, ಅದರ ಹೆಸರು ಮತ್ತು ಅದರೊಂದಿಗೆ ವ್ಯವಹರಿಸುವ ಕ್ರಮವನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಆ ದಶಕದ ಕೊನೆಯ ಭಾಗದಲ್ಲಿ ಎಂಎಂಸಿ, ಅಂದರೆ ಮಲ್ಟಿಮೀಡಿಯಾ ಕಮಾಂಡ್ಸ್ ಎಂಬ ಸಮಾನ ಆಜ್ಞಾಸಮೂಹ ಬಂದ ಮೇಲೆ ಡ್ರೈವ್‌ಗಳೆಲ್ಲ ಕ್ರಮೇಣ ಒಂದೇ ಭಾಷೆಗೆ ಬಂದವು. ಇಂದು ಕೊಳ್ಳುವ ಯಾವ ರೈಟರ್ ಆದರೂ ಎಂಎಂಸಿಯನ್ನು ಅರಿತಿರುತ್ತದೆ. ಆದರೆ ತಂತ್ರಾಂಶಗಳು ಪಟ್ಟಿಯ ಅಭ್ಯಾಸವನ್ನು ಕೂಡಲೇ ಬಿಡಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಡ್ರೈವನ್ನು ಕೆಲವು ಸಾಮಾನ್ಯ ಎಂಎಂಸಿ ಯಂತ್ರವೆಂದು ಒಪ್ಪಿಕೊಂಡವು. ಕೆಲವು ಅದನ್ನು ಮುಟ್ಟಲೇ ಇಲ್ಲ.

ಹೆಸರು ಕೇಳುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ತಂತ್ರಾಂಶ ಮೊದಲು ‘ಇನ್‌ಕ್ವೈರಿ’ ಎಂಬ ಆಜ್ಞೆಯನ್ನು ಕಳಿಸುತ್ತದೆ. ಅದಕ್ಕೆ ಡ್ರೈವ್ ಕೊಡುವ ಉತ್ತರದಲ್ಲಿ ತಯಾರಕರ ಹೆಸರಿಗೆ 8 ಅಕ್ಷರ, ಮಾದರಿಯ ಹೆಸರಿಗೆ 16 ಅಕ್ಷರ, ಫರ್ಮ್‌ವೇರ್ (ಡ್ರೈವಿನೊಳಗೇ ಇರುವ ತಂತ್ರಾಂಶ) ಆವೃತ್ತಿಗೆ 4 ಅಕ್ಷರದ ಜಾಗವಿರುತ್ತದೆ. ಕಂಪ್ಯೂಟರಿಗೆ ಜೋಡಿಸಿದ ಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ‘ಎಚ್‌ಎಲ್-ಡಿಟಿ-ಎಸ್‌ಟಿ’ ಎಂಬ ವಿಚಿತ್ರ ಹೆಸರನ್ನು ಕಂಡು, ಎಲ್‌ಜಿ ಕೇಳಿದರೆ ಬೇರೇನೋ ಕೊಟ್ಟಿದ್ದಾರೆ ಎಂದು ಅಂಗಡಿಯವರೊಡನೆ ಜಗಳಕ್ಕೆ ಹೋದವರಿದ್ದಾರೆ. ಅದು ಹಿಟಾಚಿ-ಎಲ್‌ಜಿ ಡೇಟಾ ಸ್ಟೋರೇಜ್ ಎಂಬ ಹೆಸರನ್ನು ಎಂಟು ಅಕ್ಷರದ ಡಬ್ಬಿಯಲ್ಲಿ ತುರುಕಿದ ರೂಪ. ಇಂಗ್ಲಿಷಿನಲ್ಲಿ ಬರೆದರೆ ಎರಡು ಅಡ್ಡಗೆರೆಗಳೂ ಸೇರಿ ಸರಿಯಾಗಿ ಎಂಟು. ತೋಷಿಬಾ-ಸ್ಯಾಮ್‌ಸಂಗ್ ಜೋಡಿಯ ಡ್ರೈವ್‌ಗಳು ‘ಟಿಎಸ್‌ಎಸ್‌ಟಿಕಾರ್ಪ್’ ಎಂದು ಹೇಳಿಕೊಳ್ಳುವುದಕ್ಕೂ ಇದೇ ಕಾರಣ. ಅದೂ ಇಂಗ್ಲಿಷಿನಲ್ಲಿ ಎಂಟೇ ಅಕ್ಷರ.

ಗಂಗಾವತಿಯ ಸ್ಟುಡಿಯೊದ ತೊಡಕು ಈ ಎಂಟು ಅಕ್ಷರಗಳಲ್ಲೇ ಇತ್ತು. ಅವರು ಬಳಸುತ್ತಿದ್ದ ರೈಟಿಂಗ್ ತಂತ್ರಾಂಶ ಕೊಂಡುತಂದದ್ದಲ್ಲ, ಹಳೆಯ ರೈಟರಿನ ಪೆಟ್ಟಿಗೆಯಲ್ಲಿ ಉಚಿತವಾಗಿ ಬಂದ ಸಿಡಿಯದು. ಹೀಗೆ ಡ್ರೈವಿನ ಜೊತೆ ಬರುತ್ತಿದ್ದ ಕೆಲವು ಆವೃತ್ತಿಗಳು ಆ ತಯಾರಕರ ಯಂತ್ರ ಕಂಡರೆ ಮಾತ್ರ ಬರೆಯಲು ಒಪ್ಪುತ್ತಿದ್ದವು. ಹೊಸ ಡ್ರೈವ್ ಬೇರೆ ಕಂಪನಿಯದು. ತಂತ್ರಾಂಶಕ್ಕೆ ಅದು ಕಾಣುತ್ತಿರಲಿಲ್ಲವೆಂದಲ್ಲ, ಕಂಡರೂ ಅದನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಇಂಥ ಕಡೆ ಡ್ರೈವರ್ ಹುಡುಕಿ ಪ್ರಯೋಜನವಿಲ್ಲ. ಅಂದಹಾಗೆ, ಡಿವಿಡಿ ರೈಟರಿಗೆ ಪ್ರತ್ಯೇಕ ಡ್ರೈವರ್ ಎಂಬುದೇ ಸಾಮಾನ್ಯವಾಗಿ ಇರುವುದಿಲ್ಲ. ವಿಂಡೋಸ್‌ನ ಜೊತೆ ಬರುವುದೇ ಸಾಕು. ‘ಡಿವಿಡಿ ಡ್ರೈವರ್ ಡೌನ್‌ಲೋಡ್’ ಎಂದು ಕರೆಯುವ ತಾಣಗಳಿಂದ ದೂರವಿರುವುದು ಕ್ಷೇಮ.

ಹೆಸರನ್ನು ದಾಟಿದ ಮೇಲೂ ಸಾಮರ್ಥ್ಯದ ಪ್ರಶ್ನೆ ಉಳಿಯುತ್ತದೆ. ಬರೆಯಬಹುದಾದ ಖಾಲಿ ಡಿವಿಡಿಗಳಲ್ಲೂ ಬಗೆಗಳಿವೆ: ಡಿವಿಡಿ-ಆರ್ ಬಂದದ್ದು 1997ರಲ್ಲಿ, ಡಿವಿಡಿ+ಆರ್ ಬಂದದ್ದು 2002ರಲ್ಲಿ, ಎರಡು ಪದರದ ಡಿವಿಡಿ+ಆರ್ ಬಂದದ್ದು 2004ರಲ್ಲಿ. ಹೊಸ ಡ್ರೈವ್ ತಾನು ಬಲ್ಲ ಎಲ್ಲ ಡಿಸ್ಕ್ ಬಗೆಗಳನ್ನೂ ‘ಪ್ರೊಫೈಲ್’ ಎಂಬ ಸಂಖ್ಯೆಗಳ ರೂಪದಲ್ಲಿ ಹೇಳುತ್ತದೆ. 2001ರ ತಂತ್ರಾಂಶಕ್ಕೆ ಡಿವಿಡಿ+ಆರ್‌ನ ಸಂಖ್ಯೆಯೇ ಗೊತ್ತಿರುವುದಿಲ್ಲ. ಆದ್ದರಿಂದ ಒಳಗೆ ಖಾಲಿ ಡಿಸ್ಕ್ ಇದ್ದರೂ ‘ಖಾಲಿ ಡಿಸ್ಕ್ ಹಾಕಿ’ ಎಂದು ಅದು ಮತ್ತೆ ಮತ್ತೆ ಕೇಳುತ್ತದೆ, ಡ್ರೈವ್ ಟ್ರೇಯನ್ನು ಮತ್ತೆ ಮತ್ತೆ ಹೊರಗೆ ಚಾಚುತ್ತದೆ. ಇಂಥಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಬಹುದು: ಅದೇ ಡ್ರೈವಿಗೆ ಒಂದು ಖಾಲಿ ಸಿಡಿ, ಒಂದು ಡಿವಿಡಿ-ಆರ್, ಒಂದು ಡಿವಿಡಿ+ಆರ್ ಹೀಗೆ ಮೂರನ್ನೂ ಒಂದಾದ ಮೇಲೊಂದು ಹಾಕಿ ನೋಡುವುದು. ಸಿಡಿಯನ್ನು ಒಪ್ಪಿ ಡಿವಿಡಿಯನ್ನು ಒಪ್ಪದಿದ್ದರೆ ತಂತ್ರಾಂಶದ ವಯಸ್ಸೇ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು. ವಿಂಡೋಸ್ ಎಕ್ಸ್‌ಪಿಯ ಒಳಗೇ ಇರುವ ರೈಟಿಂಗ್ ಸೌಲಭ್ಯವೂ ಮೂಲರೂಪದಲ್ಲಿ ಸಿಡಿಗೆ ಮಾತ್ರ ಸೀಮಿತ. ಡಿವಿಡಿ ಬರೆಯುವುದನ್ನು ಮೈಕ್ರೋಸಾಫ್ಟ್ ವಿಂಡೋಸ್ ವಿಸ್ಟಾದಲ್ಲಿ ಸೇರಿಸಿತು.

ಆಜ್ಞೆ ಸಾಗುವ ದಾರಿ ಮತ್ತು ಅದರ ಮೇಲಿನ ಕಾವಲುಗಾರರು

ವಿಂಡೋಸ್ 95, 98ರ ಕಾಲದ ತಂತ್ರಾಂಶಗಳು ಡ್ರೈವಿನೊಡನೆ ಮಾತಾಡಲು ಅಡಾಪ್ಟೆಕ್ ಕಂಪನಿ ರೂಪಿಸಿದ ಎಎಸ್‌ಪಿಐ ಎಂಬ ಸೇತುವೆಯನ್ನು ಬಳಸುತ್ತಿದ್ದವು. ವಿಂಡೋಸ್ 2000 ಮತ್ತು ಎಕ್ಸ್‌ಪಿಯಲ್ಲಿ ಈ ಸೇತುವೆ ಸಿದ್ಧವಾಗಿ ಬರುವುದಿಲ್ಲ. ಅವುಗಳಲ್ಲಿ ಎಸ್‌ಪಿಟಿಐ ಎಂಬ ಮೈಕ್ರೋಸಾಫ್ಟ್‌ನ ಸ್ವಂತ ದಾರಿ ಇದೆ. ಎಎಸ್‌ಪಿಐ ಒಂದನ್ನೇ ನಂಬಿದ ತಂತ್ರಾಂಶವನ್ನು ಎಕ್ಸ್‌ಪಿಯಲ್ಲಿ ಹಾಕಿದರೆ, ಎಎಸ್‌ಪಿಐಯನ್ನು ಬೇರೆಯಾಗಿ ಸೇರಿಸುವವರೆಗೂ ಅದಕ್ಕೆ ಒಂದು ಡ್ರೈವೂ ಕಾಣುವುದಿಲ್ಲ. ಎಸ್‌ಪಿಟಿಐ ಬಳಸುವ ತಂತ್ರಾಂಶಗಳದ್ದು ಬೇರೆಯೇ ಕಥೆ. ಆ ದಾರಿಯಲ್ಲಿ ಹೋಗಲು ಎಕ್ಸ್‌ಪಿಯಲ್ಲಿ ಅಡ್ಮಿನಿಸ್ಟ್ರೇಟರ್ ಹಕ್ಕು ಬೇಕು. ಮಾಲೀಕರ ಲಾಗಿನ್‌ನಲ್ಲಿ ಕಾಣುವ ರೈಟರ್ ಕೆಲಸದ ಹುಡುಗನ ಲಾಗಿನ್‌ನಲ್ಲಿ ಮಾಯವಾಗುವುದು ಇದರಿಂದಲೇ. ನೀರೋ ಎಂಬ ರೈಟಿಂಗ್ ತಂತ್ರಾಂಶದ ತಯಾರಕರು ‘ಬರ್ನ್‌ರೈಟ್ಸ್’ ಎಂಬ ಪುಟ್ಟ ಉಪಕರಣವನ್ನು ಕೊಟ್ಟದ್ದು ಈ ಹಕ್ಕನ್ನು ಇತರ ಬಳಕೆದಾರರಿಗೂ ದಾಟಿಸುವುದಕ್ಕಾಗಿ. ಹೊಸ ವಿಂಡೋಸ್‌ಗಳಲ್ಲಿ ಹಳೆಯ ತಂತ್ರಾಂಶದ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸುವುದು ಮೊದಲ ಮದ್ದು. ಖರ್ಚಿಲ್ಲ, ಅಪಾಯವಿಲ್ಲ, ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ.

ಇದಕ್ಕಿಂತ ಹೆಚ್ಚು ಕಾಡುವುದು ‘ಫಿಲ್ಟರ್ ಡ್ರೈವರ್’. ಬಳ್ಳಾರಿಯ ಒಬ್ಬ ವಕೀಲರ ಕಚೇರಿಯಲ್ಲಿ ಹಳೆಯ ರೈಟಿಂಗ್ ತಂತ್ರಾಂಶವಿದ್ದ ಕಂಪ್ಯೂಟರಿಗೆ ಹೊಸ ರೈಟರ್ ಹಾಕಿಸಿ, ಅದೇ ವಾರ ಹಳೆಯ ತಂತ್ರಾಂಶವನ್ನು ತೆಗೆದುಹಾಕಿದ್ದರು. ಮರುದಿನ ಮೈ ಕಂಪ್ಯೂಟರಿನಲ್ಲಿ ಡ್ರೈವೇ ಇಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಮಾತ್ರ ಅದು ಹಳದಿ ಚಿಹ್ನೆ ಹೊತ್ತು, ‘ಕೋಡ್ 39’ ಎಂಬ ಸಂದೇಶದೊಂದಿಗೆ ಕುಳಿತಿತ್ತು. ಅಂಗಡಿಯವರು ಡ್ರೈವ್ ಕೆಟ್ಟಿದೆ ಎಂದು ಬದಲಾಯಿಸಿಕೊಟ್ಟರು. ಎರಡನೆಯದೂ ಹಾಗೇ ಕುಳಿತಿತು.

ಆದದ್ದು ಇಷ್ಟು. ರೈಟಿಂಗ್ ತಂತ್ರಾಂಶಗಳು, ವರ್ಚುವಲ್ ಡ್ರೈವ್ ತೋರಿಸುವ ತಂತ್ರಾಂಶಗಳು, ಆ್ಯಪಲ್‌ನ ಐಟ್ಯೂನ್ಸ್ ಸಹ, ವಿಂಡೋಸ್ ಮತ್ತು ಡ್ರೈವಿನ ನಡುವೆ ತಮ್ಮದೊಂದು ಕಾವಲುಗಾರನನ್ನು ನಿಲ್ಲಿಸುತ್ತವೆ. ಡ್ರೈವಿಗೆ ಹೋಗುವ ಪ್ರತಿಯೊಂದು ಆಜ್ಞೆಯೂ ಅವನನ್ನು ದಾಟಿಯೇ ಹೋಗಬೇಕು. ತಂತ್ರಾಂಶವನ್ನು ತೆಗೆದಾಗ ಕಾವಲುಗಾರನ ಫೈಲ್ ಅಳಿದುಹೋಗಿ, ಅವನ ಹೆಸರು ಮಾತ್ರ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಉಳಿದರೆ, ವಿಂಡೋಸ್ ಇಲ್ಲದವನಿಗಾಗಿ ಕಾದು ಕೊನೆಗೆ ಡ್ರೈವನ್ನೇ ಶುರು ಮಾಡುವುದಿಲ್ಲ. ಆ ಹೆಸರುಗಳು ಯಾವುದೋ ಒಂದು ಡ್ರೈವಿಗೆ ಅಂಟಿಕೊಂಡಿರುವುದಿಲ್ಲ. ಸಿಡಿ ಮತ್ತು ಡಿವಿಡಿ ಡ್ರೈವ್‌ಗಳ ಇಡೀ ವರ್ಗಕ್ಕೆ ಅನ್ವಯಿಸುತ್ತವೆ. ಆದ್ದರಿಂದಲೇ ಹೊಸ ಡ್ರೈವ್ ತಂದರೂ, ಅದನ್ನು ಬದಲಿಸಿದರೂ ಹಣೆಬರಹ ಬದಲಾಗುವುದಿಲ್ಲ. 39ರಂತೆಯೇ 19, 31, 32, 41 ಎಂಬ ಕೋಡ್‌ಗಳು ಕಂಡಾಗಲೂ ಈ ಅನುಮಾನ ಪಡಬಹುದು.

ಪರಿಹಾರ ಸುಲಭ, ಆದರೆ ಕೈ ಬಿಗಿಹಿಡಿದು ಮಾಡಬೇಕು. ರಿಜಿಸ್ಟ್ರಿ ಎಡಿಟರ್ ತೆರೆದು ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಕ್ಲಾಸ್ ಎಂಬ ಕ್ರಮದಲ್ಲಿ ಒಳಗೆ ಹೋದರೆ ಉದ್ದುದ್ದ ಸಂಖ್ಯೆಗಳ ಸಾಲು ಸಿಗುತ್ತದೆ. ಅದರಲ್ಲಿ 4ಡಿ36ಇ965 ಎಂದು ಆರಂಭವಾಗುವುದನ್ನು ಆರಿಸಬೇಕು. ಬಲಬದಿಯಲ್ಲಿ ಕ್ಲಾಸ್ ಎಂಬುದರ ಎದುರು ಸಿಡಿರಾಮ್ ಎಂದಿದ್ದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಹತ್ತಿರದಲ್ಲೇ 4ಡಿ36ಇ967 ಎಂಬ ಇನ್ನೊಂದಿದೆ, ಅದು ಹಾರ್ಡ್‌ಡಿಸ್ಕಿನದು. ಅದನ್ನು ಮುಟ್ಟಿದರೆ ಕಂಪ್ಯೂಟರ್ ಮತ್ತೆ ಏಳದೆ ಹೋಗಬಹುದು. ಮೊದಲು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಂಡು, ಬಲಬದಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎಂಬ ಎರಡು ಸಾಲುಗಳಿದ್ದರೆ ಅವನ್ನಷ್ಟೇ ಅಳಿಸಿ, ಕಂಪ್ಯೂಟರನ್ನು ಮರಳಿ ಆರಂಭಿಸಬೇಕು. ಕೊನೆಯಲ್ಲಿ ‘ಬಾಕ್’ ಎಂಬ ಬಾಲವಿರುವ ಸಾಲುಗಳಿಂದ ತೊಂದರೆಯಿಲ್ಲ. ಇದಾದ ಮೇಲೆ ಐಟ್ಯೂನ್ಸ್ ಅಥವಾ ಬೇರೆ ರೈಟಿಂಗ್ ತಂತ್ರಾಂಶ ತನ್ನ ಕಾವಲುಗಾರ ಕಾಣೆಯಾಗಿದ್ದಾನೆಂದು ದೂರಿದರೆ ಅದನ್ನು ಮಾತ್ರ ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿದರಾಯಿತು. ವಕೀಲರ ಕಚೇರಿಯಲ್ಲಿ ಇದಕ್ಕೆ ಹಿಡಿದದ್ದು ಹತ್ತು ನಿಮಿಷ. ಎರಡು ಡ್ರೈವ್‌ಗಳಲ್ಲಿ ಯಾವುದೂ ಕೆಟ್ಟಿರಲಿಲ್ಲ.

ಎರಡು ರೈಟಿಂಗ್ ತಂತ್ರಾಂಶಗಳನ್ನು ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವವರಿಗೂ ಇದೇ ಎಚ್ಚರಿಕೆ. ಅದರಲ್ಲೂ ಡಿಸ್ಕನ್ನು ಪೆನ್‌ಡ್ರೈವಿನಂತೆ ಬಳಸಲು ಬಿಡುತ್ತಿದ್ದ ಇನ್‌ಸಿಡಿ, ಡೈರೆಕ್ಟ್‌ಸಿಡಿಗಳಂಥ ಹಳೆಯ ಸಹಾಯಕಗಳು ಹಿನ್ನೆಲೆಯಲ್ಲಿ ಡಿಸ್ಕನ್ನು ಹಿಡಿದುಕೊಂಡು ಕೂರುತ್ತವೆ. ಹೊಸ ಡ್ರೈವ್ ಹಾಕುವ ಮುನ್ನವೇ ಅವನ್ನು ತೆಗೆದುಹಾಕುವುದು ಲೇಸು.

64 ಬಿಟ್ ವಿಂಡೋಸ್‌ನಲ್ಲಿ ಹಳೆಯ ತಂತ್ರಾಂಶವನ್ನು ಓಡಿಸುವ ಪ್ರಯತ್ನದ ಬಗ್ಗೆ ಹೆಚ್ಚು ಹೇಳುವುದಿಲ್ಲ. 16 ಬಿಟ್ ಸೆಟಪ್ ಅಲ್ಲಿ ಶುರುವಾಗುವುದೇ ಇಲ್ಲ, 32 ಬಿಟ್ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ, ಡಿಜಿಟಲ್ ಸಹಿಯಿಲ್ಲದ ಡ್ರೈವರನ್ನೂ ಬಿಡುವುದಿಲ್ಲ. ‘ಕಂಪ್ಯಾಟಿಬಿಲಿಟಿ ಮೋಡ್’ ತಂತ್ರಾಂಶಕ್ಕೆ ತಾನು ಹಳೆಯ ವಿಂಡೋಸ್‌ನಲ್ಲಿದ್ದೇನೆ ಎಂದು ಸುಳ್ಳು ಹೇಳಬಲ್ಲದೇ ಹೊರತು ಡ್ರೈವರಿನ ಈ ಕಟ್ಟಳೆಗಳನ್ನು ಸಡಿಲಿಸಲಾರದು.

ತಂತ್ರಾಂಶದ ದೋಷವೋ, ಡಿಸ್ಕಿನ ದೋಷವೋ?

ಪಟ್ಟಿಯಲ್ಲಿ ಡ್ರೈವ್ ಕಂಡು, ಬರೆಯುವುದು ಶುರುವಾಗಿ, ನಡುವೆ ನಿಂತುಹೋಗುವುದು ಬೇರೆಯೇ ಬಗೆಯ ತೊಂದರೆ. ಇಲ್ಲಿ ಹೆಚ್ಚಿನವರು ನೋಡದೆ ಮುಚ್ಚಿಬಿಡುವ ‘ಲಾಗ್’ ಎಂಬ ಕಿಟಕಿಯಲ್ಲಿ ಉತ್ತರವಿರುತ್ತದೆ. ಡ್ರೈವ್ ಒಂದು ಆಜ್ಞೆಯನ್ನು ಪೂರೈಸಲಾಗದಿದ್ದಾಗ ಮೂರು ಸಂಖ್ಯೆಗಳ ಕಾರಣವನ್ನು ಕೊಡುತ್ತದೆ. ಅವುಗಳಲ್ಲಿ ಕೆಲವನ್ನಾದರೂ ನೆನಪಿಟ್ಟುಕೊಂಡರೆ ಊಹೆಯ ಅಗತ್ಯವಿರುವುದಿಲ್ಲ. 05, 20, 00 ಎಂದಿದ್ದರೆ ‘ಈ ಆಜ್ಞೆ ನನಗೆ ಗೊತ್ತಿಲ್ಲ’ ಎಂದು ಡ್ರೈವ್ ಹೇಳುತ್ತಿದೆ. 05, 24, 00 ಎಂದರೆ ಆಜ್ಞೆ ಗೊತ್ತು, ಅದರೊಳಗಿನ ಒಂದು ಅಂಶ ತಪ್ಪು. ಎರಡೂ ತಂತ್ರಾಂಶದ ಹಳೆಯ ಭಾಷೆಯತ್ತ ಬೆರಳು ತೋರುತ್ತವೆ. 02 ಮತ್ತು 3ಎ ಎಂದಿದ್ದರೆ ಒಳಗೆ ಡಿಸ್ಕೇ ಇಲ್ಲ, ಅಥವಾ ಇದ್ದದ್ದು ಡ್ರೈವಿಗೆ ಕಾಣುತ್ತಿಲ್ಲ. 03, 73, 03 ಎಂದರೆ ಲೇಸರಿನ ಬಲವನ್ನು ಅಳೆಯುವ ಪ್ರಯೋಗ ಸೋತಿದೆ. ಇದು ಡ್ರೈವ್ ಮತ್ತು ಡಿಸ್ಕ್ ಇಬ್ಬರ ನಡುವಿನ ವ್ಯಾಜ್ಯ, ಇದರಲ್ಲಿ ತಂತ್ರಾಂಶದ ಪಾತ್ರವಿಲ್ಲ.

ಈ ಕೊನೆಯದನ್ನು ಸ್ವಲ್ಪ ಬಿಡಿಸಬೇಕು. ಖಾಲಿ ಡಿಸ್ಕಿನ ಮೇಲೆ ಅದನ್ನು ತಯಾರಿಸಿದವರ ಗುರುತಿನ ಸಂಕೇತ ಮೊದಲೇ ಅಚ್ಚಾಗಿರುತ್ತದೆ. ಡ್ರೈವಿನ ಫರ್ಮ್‌ವೇರಿನಲ್ಲಿ ಯಾವ ಸಂಕೇತದ ಡಿಸ್ಕಿಗೆ ಲೇಸರನ್ನು ಹೇಗೆ ಮಿಡಿಸಬೇಕು ಎಂಬ ಕೋಷ್ಟಕವಿದೆ. ಗೊತ್ತಿಲ್ಲದ ಸಂಕೇತ ಕಂಡಾಗ ಡ್ರೈವ್ ಸಾಮಾನ್ಯ ವಿಧಾನವೊಂದನ್ನು ಹಿಡಿದು ನಿಧಾನವಾಗಿ ಬರೆಯುತ್ತದೆ, ಇಲ್ಲವೇ ನಿರಾಕರಿಸುತ್ತದೆ. ರಾಯಚೂರಿನಲ್ಲಿ ಪರಿಚಯದ ಒಬ್ಬರು ಐವತ್ತು ಡಿಸ್ಕುಗಳ ಸ್ಪಿಂಡಲ್ ಒಂದನ್ನು ಅಗ್ಗಕ್ಕೆ ತಂದು, ಹಳೆಯ ರೈಟರಿನಲ್ಲಿ ಚೆನ್ನಾಗಿ ನಡೆಯುತ್ತಿದ್ದವು, ಹೊಸದರಲ್ಲಿ ಒಂದೂ ಆಗುತ್ತಿಲ್ಲ ಎಂದು ತಂತ್ರಾಂಶವನ್ನು ಮೂರು ಸಲ ಬದಲಿಸಿದ್ದರು. ಲಾಗ್‌ನಲ್ಲಿ ಮೂರು ಸಲವೂ 73 ಇತ್ತು. ಬೇರೆ ತಯಾರಕರ ಐದು ಡಿಸ್ಕ್ ತರಿಸಿ ಹಾಕಿದಾಗ ಮೊದಲನೆಯದೇ ಸರಿಯಾಗಿ ಬಂತು. ಡಿಸ್ಕುಗಳನ್ನು ಕಿಟಕಿಯ ಪಕ್ಕದ ಕಪಾಟಿನಲ್ಲಿ ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬಿಟ್ಟಿದ್ದರೆ ಒಳಗಿನ ಬಣ್ಣದ ಪದರ ಕೆಡುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ವೇಗದ ಲೆಕ್ಕವನ್ನೂ ನೋಡೋಣ. ಸಿಡಿಯ 1 ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 150 ಕಿಲೋಬೈಟ್. ಡಿವಿಡಿಯ 1 ಎಕ್ಸ್ ಎಂದರೆ ಸುಮಾರು 1,385 ಕಿಲೋಬೈಟ್, ಹೆಚ್ಚುಕಡಿಮೆ ಒಂಬತ್ತು ಪಟ್ಟು. ಹಾಗಾದರೆ 16 ಎಕ್ಸ್‌ನಲ್ಲಿ ಬರೆಯಲು ಸೆಕೆಂಡಿಗೆ 22 ಮೆಗಾಬೈಟ್ ಎಡೆಬಿಡದೆ ಬರಬೇಕು. ಹಳೆಯ ಯಂತ್ರಗಳಲ್ಲಿ ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ಐಡಿಇ ಸಂಪರ್ಕದಲ್ಲಿ ಆರು ಸಲ ದೋಷ ಕಂಡರೆ ವಿಂಡೋಸ್ ಎಕ್ಸ್‌ಪಿ ವೇಗದ ಡಿಎಂಎ ವಿಧಾನವನ್ನು ಬಿಟ್ಟು, ಸದ್ದಿಲ್ಲದೆ ಪಿಐಒ ಎಂಬ ನಿಧಾನದ ವಿಧಾನಕ್ಕೆ ಇಳಿಯುತ್ತದೆ. ಅದರ ಗರಿಷ್ಠ ಮಿತಿಯೇ 16.6 ಮೆಗಾಬೈಟ್. ಹಳೆಯ ಡ್ರೈವ್ ಸಾಯುವ ಮುನ್ನ ಮಾಡಿದ ತಪ್ಪುಗಳಿಗೆ ಹೊಸ ಡ್ರೈವ್ ಶಿಕ್ಷೆ ಅನುಭವಿಸುವುದು ಹೀಗೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ಮರಳಿ ಆರಂಭಿಸಿದರೆ ಡಿಎಂಎ ಮತ್ತೆ ಬರುತ್ತದೆ. ಹೊರಗಿನಿಂದ ಸಿಕ್ಕಿಸುವ ಯುಎಸ್‌ಬಿ ರೈಟರ್ ಆದರೆ, ಯುಎಸ್‌ಬಿ 1.1 ಮಾತ್ರ ಇರುವ ಹಳೆಯ ಯಂತ್ರದಲ್ಲಿ ಸೆಕೆಂಡಿಗೆ ಸುಮಾರು ಒಂದು ಮೆಗಾಬೈಟ್ ಸಿಗುತ್ತದೆ. ಅದು ಡಿವಿಡಿಯ 1 ಎಕ್ಸ್‌ಗೂ ಸಾಲದು. ತೆಳುವಾದ ಯುಎಸ್‌ಬಿ ರೈಟರ್‌ಗಳು ಓದುವಾಗ ಸುಮ್ಮನಿದ್ದು, ಬರೆಯಲು ಲೇಸರ್ ಹೊತ್ತಿಸಿದ ಕ್ಷಣ ವಿದ್ಯುತ್ ಸಾಲದೆ ಮಾಯವಾಗುವುದೂ ಉಂಟು. ಆಗ ಎರಡು ಯುಎಸ್‌ಬಿ ತುದಿಗಳಿರುವ ಕೇಬಲ್ ಬಳಸಿ ಎರಡು ಪೋರ್ಟಿಗೆ ಸಿಕ್ಕಿಸಬೇಕು.

ಪೆಟ್ಟಿಗೆಯ ಮೇಲೆ 24 ಎಕ್ಸ್ ಎಂದು ಮುದ್ರಿಸಿದ್ದರೂ ಆ ವೇಗ ಸಿಗುವುದು ಡಿಸ್ಕಿನ ಹೊರ ಅಂಚಿಗೆ ಬಂದಾಗ ಮಾತ್ರ. ನಾನಂತೂ ಬೇರೆಯವರಿಗೆ ಕೊಡುವ ಡಿಸ್ಕನ್ನು 8 ಎಕ್ಸ್ ಮೀರಿ ಬರೆಯುವುದಿಲ್ಲ. ಆ ವೇಗದಲ್ಲಿ ತುಂಬಿದ ಡಿಸ್ಕಿಗೆ ಏಳೆಂಟು ನಿಮಿಷ ಸಾಕು. ಆ ಏಳೆಂಟು ನಿಮಿಷ ಯುಪಿಎಸ್ ಇರಲಿ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇದ್ದರೂ ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗುವುದು ನಮಗೂ ತಪ್ಪಿಲ್ಲ, ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕ್ ಅರ್ಧಕ್ಕೆ ನಿಂತರೆ ಅದು ಕಸವೇ.

ಕಟ್ಟುವುದು ಹಳೆಯದು, ಬರೆಯುವುದು ಹೊಸದು

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ: ಹಳೆಯ ತಂತ್ರಾಂಶಕ್ಕೂ ಹೊಸ ಡ್ರೈವಿಗೂ ಬಲವಂತದ ಸಂಬಂಧ ಬೆಳೆಸುವುದಕ್ಕಿಂತ ಅವೆರಡರ ನಡುವೆ ಒಂದು ಫೈಲನ್ನು ಇಡುವುದು ಮೇಲು. ಹಳೆಯ ತಂತ್ರಾಂಶವೊಂದನ್ನು ನಾವು ಬಿಡಲಾರದೆ ಇಟ್ಟುಕೊಂಡಿರುವುದು ಅದು ಚೆನ್ನಾಗಿ ಬರೆಯುತ್ತದೆ ಎಂದಲ್ಲ. ಅದರಲ್ಲಿ ಮೆನು ಕಟ್ಟುವುದು, ವಿಡಿಯೊ ಜೋಡಿಸುವುದು ಕೈಗೆ ಒಗ್ಗಿದೆ ಎಂದು. ಆ ಕಟ್ಟುವ ಕೆಲಸಕ್ಕೆ ಡ್ರೈವೇ ಬೇಕಿಲ್ಲ. ಸ್ಟುಡಿಯೊದ ಪಟ್ಟಿಯಲ್ಲಿ ಒಂಟಿಯಾಗಿ ನಿಂತಿದ್ದ ‘ಇಮೇಜ್ ರೆಕಾರ್ಡರ್’ ಎಂಬುದೇ ಇದಕ್ಕೆ ದಾರಿ. ಅದನ್ನು ಆರಿಸಿದರೆ ತಂತ್ರಾಂಶ ಡಿಸ್ಕಿನ ಬದಲು ಹಾರ್ಡ್‌ಡಿಸ್ಕಿನಲ್ಲಿ, ಡಿಸ್ಕಿನ ಯಥಾಪ್ರತಿಯಂಥ ಒಂದೇ ಫೈಲನ್ನು ಸೃಷ್ಟಿಸುತ್ತದೆ. ಆ ಫೈಲ್ ಐಎಸ್‌ಒ ಆಗಿದ್ದರೆ ಯಾವ ಹೊಸ ತಂತ್ರಾಂಶವಾದರೂ ಅದನ್ನು ಬರೆಯುತ್ತದೆ. ನೀರೋದ ಎನ್‌ಆರ್‌ಜಿ ಆಗಿದ್ದರೆ ಇಮ್‌ಗ್‌ಬರ್ನ್ ಎಂಬ ಉಚಿತ ತಂತ್ರಾಂಶ ಅದನ್ನೂ ಒಪ್ಪಿಕೊಳ್ಳುತ್ತದೆ, ಅದರ 2.5.8.0 ಆವೃತ್ತಿ 2013ರದಾದರೂ ಎಕ್ಸ್‌ಪಿಯಿಂದ ಹಿಡಿದು ಈಚಿನ ವಿಂಡೋಸ್‌ಗಳವರೆಗೆ ನಡೆಯುತ್ತದೆ, ಮತ್ತು ಡ್ರೈವಿನ ಕಂಪನಿಯ ಹೆಸರು ನೋಡಿ ಮುಖ ತಿರುಗಿಸುವುದಿಲ್ಲ. ವಿಂಡೋಸ್ 7 ಮತ್ತು ಅದರ ನಂತರದವುಗಳಲ್ಲಿ ಐಎಸ್‌ಒ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿದರೆ ‘ಬರ್ನ್ ಡಿಸ್ಕ್ ಇಮೇಜ್’ ಸಿಗುತ್ತದೆ. ಲಿನಕ್ಸ್ ಬಳಸುವವರಿಗೆ ಕೆ3ಬಿ, ಬ್ರಸೆರೊಗಳಿವೆ.

ಫೈಲನ್ನು ಬೇರೆ ಕಂಪ್ಯೂಟರಿಗೆ ಒಯ್ಯುವಾಗ ಒಂದು ಗುಂಡಿಯಿದೆ, ಬೀಳದಿರಿ. ಡಿಸ್ಕಿನ ಮೇಲೆ ಬರೆದಿರುವ 4.7 ಜಿಬಿ ಎಂಬುದು ಸಾವಿರದ ಲೆಕ್ಕದ್ದು. 1,024ರ ಲೆಕ್ಕ ಹಿಡಿಯುವ ವಿಂಡೋಸ್‌ಗೆ ಅದು 4.37 ಜಿಬಿ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಬರುವ ಎಫ್‌ಎಟಿ32 ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿಯನ್ನು ಮುಟ್ಟುವಂತಿಲ್ಲ. ಆದ್ದರಿಂದ ಪೂರ್ತಿ ತುಂಬಿದ ಡಿವಿಡಿಯ ಇಮೇಜ್, 32 ಜಿಬಿ ಖಾಲಿಯಿರುವ ಪೆನ್‌ಡ್ರೈವಿಗೂ ‘ಜಾಗವಿಲ್ಲ’ ಎಂಬ ಸಂದೇಶದೊಂದಿಗೆ ನಿಲ್ಲುತ್ತದೆ. ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್ ಆಗಿ ಫಾರ್ಮ್ಯಾಟ್ ಮಾಡಿದರೆ ಎಕ್ಸ್‌ಪಿಯೂ ಓದುತ್ತದೆ, ಹೊಸ ವಿಂಡೋಸೂ ಓದುತ್ತದೆ.

ಹೊಸ ವಿಂಡೋಸ್‌ನಲ್ಲಿ ಬೇರೆ ತಂತ್ರಾಂಶವಿಲ್ಲದೆ ಬರೆಯುವವರು ಅದು ಕೇಳುವ ಮೊದಲ ಪ್ರಶ್ನೆಯಲ್ಲೇ ಎಡವುತ್ತಾರೆ. ‘ಯುಎಸ್‌ಬಿ ಫ್ಲ್ಯಾಶ್ ಡ್ರೈವಿನಂತೆ’ ಎಂಬುದನ್ನು ಆರಿಸಿದರೆ ಆ ಡಿಸ್ಕ್ ಮನೆಯ ಪ್ಲೇಯರಿನಲ್ಲಿ ಓಡುವ ಭರವಸೆಯಿಲ್ಲ. ಗ್ರಾಹಕರಿಗೋ ನ್ಯಾಯಾಲಯಕ್ಕೋ ಕೊಡುವುದಾದರೆ ‘ಸಿಡಿ/ಡಿವಿಡಿ ಪ್ಲೇಯರಿನೊಂದಿಗೆ’ ಎಂಬುದನ್ನೇ ಆರಿಸಬೇಕು. ‘ವೆರಿಫೈ’ ಗುರುತು ಹಾಕಿ, ಬರೆದಾದ ಮೇಲೆ ಡಿಸ್ಕನ್ನು ಮತ್ತೊಮ್ಮೆ ಓದಿಸುವುದನ್ನು ನಾನು ಎಂದೂ ಬಿಡುವುದಿಲ್ಲ, ಸಮಯ ಎರಡರಷ್ಟಾದರೂ ಸರಿ.

ಗಂಗಾವತಿಯ ಸ್ಟುಡಿಯೊದಲ್ಲಿ ಮಾಡಿದ್ದೂ ಇದನ್ನೇ. ಎಕ್ಸ್‌ಪಿ ಯಂತ್ರದ ಹಳೆಯ ತಂತ್ರಾಂಶವನ್ನು ತೆಗೆಯಲಿಲ್ಲ. ಅದು ಇಮೇಜ್ ಕಟ್ಟಿ ಡೆಸ್ಕ್‌ಟಾಪಿನ ಒಂದು ಫೋಲ್ಡರಿನಲ್ಲಿ ಇಡುತ್ತದೆ. ಅದೇ ಯಂತ್ರದಲ್ಲಿ ಇಮ್‌ಗ್‌ಬರ್ನ್ ಹಾಕಿದೆವು. ಹೊಸ ಡ್ರೈವ್ ಅದರ ಪಟ್ಟಿಯಲ್ಲಿ ಮೊದಲ ಸಲಕ್ಕೇ ಕಂಡಿತು, ಮೊದಲ ಡಿಸ್ಕ್ 8 ಎಕ್ಸ್‌ನಲ್ಲಿ ತೊಡಕಿಲ್ಲದೆ ಮುಗಿಯಿತು. ಮಾಲೀಕರು ಆ ಫೋಲ್ಡರಿಗೆ ‘ರೈಟ್ ಆಗೋದು’ ಎಂದು ಹೆಸರಿಟ್ಟಿದ್ದಾರೆ. ಡಿಸ್ಕ್ ಗ್ರಾಹಕರ ಕೈ ಸೇರಿದ ಮೇಲೆ ಫೈಲನ್ನು ಅಲ್ಲಿಂದ ಅಳಿಸುತ್ತಾರೆ, ಅದಕ್ಕಿಂತ ಮೊದಲು ಅಳಿಸುವುದಿಲ್ಲ.